ಒಂದು ಗ್ಯಾಲನ್ ನೀರಿನ ಸಂಸಾರ

ಯುದ್ಧದ ಚರಿತ್ರೆಯನ್ನು ಬರೆಯುವವರು ಬಹುಮಟ್ಟಿಗೆ ದಂಡನಾಯಕನ ಡೇರೆಯಲ್ಲಿ ಕುಳಿತೇ ಬರೆಯುತ್ತಾರೆ. ಅಲ್ಲಿ ಮೇಜಿನ ಮೇಲೆ ನಕ್ಷೆ ಹರಡಿರುತ್ತದೆ. ನಕ್ಷೆಯ ಮೇಲೆ ಕೆಂಪು, ನೀಲಿ ಬಾಣಗಳು ಓಡಾಡುತ್ತಿರುತ್ತವೆ. 1940ರಿಂದ 1943ರವರೆಗೆ ಈಜಿಪ್ಟ್, ಲಿಬಿಯ, ಟ್ಯುನಿಸಿಯಗಳ ಮರಳುಗಾಡಿನಲ್ಲಿ ನಡೆದ ಮಹಾಕಾಳಗದ ಕಥೆಯೂ ಹೀಗೆಯೇ ವೇವೆಲ್, ರೋಮೆಲ್, ಆಚಿನ್‌ಲೆಕ್, ಮಾಂಟ್‌ಗೊಮೆರಿ ಎಂಬ ನಾಲ್ಕು ಹೆಸರುಗಳ ಸುತ್ತ ಗಿರಕಿ ಹೊಡೆಯುತ್ತದೆ. ಆ ಕಾಳಗವನ್ನು ಮೈಮೇಲೆ ಹೊತ್ತು ಮಾಡಿದ ಸಾಮಾನ್ಯ ಸಿಪಾಯಿಗೆ ಬಾಣಗಳ ಗುರುತು ಕಾಣಲಿಲ್ಲ. ಅವನ ಕಣ್ಣು ಬೆಳಗಿನಿಂದ ಬೈಗಿನವರೆಗೆ ತನ್ನ ನೀರಿನ ಸೀಸೆಯ ಮೇಲಿತ್ತು.

ಹೇಳಿಕೆಗೆ ಒಬ್ಬನಿಗೆ ದಿನವೊಂದಕ್ಕೆ ಒಂದು ಗ್ಯಾಲನ್. ಎಂದರೆ ಸುಮಾರು ನಾಲ್ಕೂವರೆ ಲೀಟರು. ಕುಡಿಯುವುದು, ಅಡಿಗೆ, ಕ್ಷೌರ, ಬಟ್ಟೆ ಒಗೆಯುವುದು, ಇವೆಲ್ಲದರ ಮೇಲೆ ಲಾರಿಯ ರೇಡಿಯೇಟರಿನ ದಾಹ, ಎಲ್ಲವೂ ಅಷ್ಟರಲ್ಲಿಯೇ ತೀರಬೇಕು. ಕಾಳಗ ಬಿರುಸಾದಾಗ, ಅಥವಾ ನೀರಿನ ಲಾರಿ ದಾರಿ ತಪ್ಪಿದಾಗ, ಅದು ಅರ್ಧಕ್ಕೋ ಅದಕ್ಕೂ ಕೆಳಕ್ಕೋ ಇಳಿಯುತ್ತಿತ್ತು. ಮಲೆನಾಡಿನ ವಾಚಕರಿಗೆ ಇದು ಊಹೆಗೆ ನಿಲುಕದ ಮಾತು. ಬಯಲುಸೀಮೆಯಲ್ಲಿ ಎರಡು ಬೇಸಗೆ ಕಳೆದವರಿಗೆ ಅಲ್ಪಸ್ವಲ್ಪ ಅರ್ಥವಾದೀತು. ಸಿಪಾಯಿ ಒಂದು ಲೋಟ ನೀರಿಟ್ಟುಕೊಂಡು ಮೊದಲು ಹಲ್ಲುಜ್ಜುತ್ತಿದ್ದ. ಉಳಿದದ್ದರಲ್ಲಿ ಗಡ್ಡ ಹೆರೆದುಕೊಳ್ಳುತ್ತಿದ್ದ. ಆಮೇಲೆ ಅದೇ ನೀರಿನಲ್ಲಿ ಬಟ್ಟೆಯ ಚೂರನ್ನು ಅದ್ದಿ ಮೈಯೊರೆಸಿಕೊಂಡು, ಕಾಲುಚೀಲವನ್ನು ಹಿಂಡಿ, ಕೊನೆಗೆ ಉಳಿದ ಕೆಸರನ್ನು ಬಟ್ಟೆಯಲ್ಲಿ ಸೋಸಿ ಲಾರಿಯ ಬಾಯಿಗೆ ಹೊಯ್ಯುತ್ತಿದ್ದ. ಜಿಪುಣನಾದ ಶೆಟ್ಟಿ ಕಾಸನ್ನು ತಿರುವಿ ತಿರುವಿ ನೋಡುವಂತೆ ಆ ಜನ ಹನಿಯನ್ನು ನೋಡುವುದನ್ನು ಕಲಿತರು.

ಸಿಕ್ಕುವ ನೀರಾದರೂ ಸಿಹಿಯೇ? ಟೋಬ್ರೂಕ್ ಬಂದರಿನ ಮುತ್ತಿಗೆ 1941ರ ಏಪ್ರಿಲಿನಿಂದ ಸುಮಾರು ಎಂಟು ತಿಂಗಳು ನಡೆಯಿತು. ಅಲ್ಲಿ ಸಿಕ್ಕಿದ್ದು ಉಪ್ಪುಪ್ಪಾದ ನೀರು. ಅದರಲ್ಲಿ ಚಹ ಕಾಸಿ ಹಾಲು ಬೆರೆಸಿದರೆ ಹಾಲು ಒಡೆದು ಗಟ್ಟಿಗಟ್ಟಿಯಾಗಿ ತೇಲುತ್ತಿತ್ತು. ಅದನ್ನೇ ಅವರು ಕುಡಿದರು. ಎರಡನೆಯ ಲೋಟವನ್ನೂ ಕೇಳಿದರು.

ನೀರಿನ ಮಾತು ಬಂದಮೇಲೆ ಡಬ್ಬದ ಮಾತನ್ನು ಬಿಡುವಂತಿಲ್ಲ. ಬ್ರಿಟಿಷ್ ಸೇನೆ ನೀರನ್ನೂ ಪೆಟ್ರೋಲನ್ನೂ ನಾಲ್ಕು ಗ್ಯಾಲನ್ನಿನ ತೆಳು ತಗಡಿನ ಡಬ್ಬಗಳಲ್ಲಿ ಸಾಗಿಸುತ್ತಿತ್ತು. ಕಲ್ಲುನೆಲದ ಮೇಲೆ ಲಾರಿ ಕುಲುಕಿದೊಡನೆ ಡಬ್ಬಗಳ ಬೆಸುಗೆ ಬಿಡುತ್ತಿತ್ತು. ನೂರಾರು ಮೈಲಿ ಕಷ್ಟಪಟ್ಟು ತಂದದ್ದರಲ್ಲಿ ದೊಡ್ಡ ಪಾಲು ಮರಳಿನ ಪಾಲಾಗುತ್ತಿತ್ತು. ಜರ್ಮನರ ಬಳಿ ಇಪ್ಪತ್ತು ಲೀಟರಿನ, ಮೂರು ಹಿಡಿಗಳ, ಒತ್ತಿ ಮುಚ್ಚುವ ಮುಚ್ಚಳದ ಗಟ್ಟಿ ಉಕ್ಕಿನ ಡಬ್ಬವಿತ್ತು. ಅದೊಂದು ಕೈಗೆ ಸಿಕ್ಕಿದರೆ ಇತ್ತಣ ಸಿಪಾಯಿಗೆ ನಿಧಿ ಸಿಕ್ಕಿದಂತೆ. ಜರ್ಮನರಿಗೆ ಇವರಿಟ್ಟ ಅಡ್ಡಹೆಸರು ‘ಜೆರ್ರಿ’ ಎಂದಾದ್ದರಿಂದ ಡಬ್ಬಕ್ಕೂ ಜೆರ್ರಿಕ್ಯಾನ್ ಎಂಬ ಹೆಸರೇ ಅಂಟಿಕೊಂಡಿತು. ಬ್ರಿಟಿಷ್ ಕಾರ್ಖಾನೆಗಳು ಕೊನೆಗೆ ನಾಚಿಕೆ ಬಿಟ್ಟು ಅದನ್ನೇ ನಕಲು ಮಾಡಿದವು. ಟ್ಯಾಂಕುಗಳ ಬಗೆಗೆ ಬರೆದಿರುವ ಗ್ರಂಥಗಳಿಗೆ ಲೆಕ್ಕವಿಲ್ಲ. ಈ ಡಬ್ಬಕ್ಕೆ ಸಲ್ಲಬೇಕಾದ ಮರ್ಯಾದೆ ಇನ್ನೂ ಪೂರ್ತಿ ಸಂದಿಲ್ಲ.

ತೆಳು ಡಬ್ಬಕ್ಕೂ ಒಂದು ಸದ್ಗತಿಯಿತ್ತು. ಅದನ್ನು ಅಡ್ಡಕ್ಕೆ ಕತ್ತರಿಸಿ, ಅರ್ಧಕ್ಕೆ ಮರಳು ತುಂಬಿ, ಮೇಲೆ ಒಂದಿಷ್ಟು ಪೆಟ್ರೋಲು ಸುರಿದು ಕಡ್ಡಿ ಗೀರಿದರೆ ಒಲೆ ಸಿದ್ಧ. ಇದಕ್ಕೆ ಬೆಂಗಾಜಿ ಒಲೆಯೆಂದು ಹೆಸರು. ಸೌದೆಯೆಂಬುದು ಕಣ್ಣಿಗೂ ಬೀಳದ ನಾಡಿನಲ್ಲಿ ಸಾವಿರಾರು ಮಂದಿಯ ಚಹ ಕಾದದ್ದು ಈ ಒಲೆಯ ಮೇಲೆ. ಲಾರಿ ನಿಂತಿತೆಂದರೆ ಎರಡು ನಿಮಿಷದಲ್ಲಿ ಮರಳಿನ ಮೇಲೆ ಜ್ವಾಲೆ ಎದ್ದಿರುತ್ತಿತ್ತು.

ಬಿಸಿಲಿನ ವರ್ಣನೆ ಎಲ್ಲರೂ ಮಾಡುವಂಥದು, ಅದನ್ನು ಬಿಡೋಣ. ಚಳಿಯ ಸುದ್ದಿ ಹೇಳುವವರು ಕಡಿಮೆ. ಹಗಲಿನಲ್ಲಿ ಅಂಗಿ ಕಿತ್ತೆಸೆಯುವಂತಾಗಿದ್ದವನು ಚಳಿಗಾಲದ ರಾತ್ರಿ ದಪ್ಪ ಕೋಟು ಹೊದ್ದು, ಅದರ ಮೇಲೆ ಕಂಬಳಿ ಹೊದ್ದು, ಆದರೂ ಹಲ್ಲು ಕಟಕಟಿಸುತ್ತಿದ್ದ. ದಕ್ಷಿಣದಿಂದ ಖಂಸೀನ್ ಗಾಳಿ ಎದ್ದಾಗ ಆಕಾಶ ಭೂಮಿಗಳೆರಡೂ ಒಂದೇ ಬಣ್ಣಕ್ಕೆ ತಿರುಗುತ್ತಿದ್ದವು. ಪಕ್ಕದ ಲಾರಿ ಕಾಣದು. ಮರಳು ಕಣ್ಣಿಗೆ, ಮೂಗಿಗೆ, ಬಂದೂಕಿನ ಕುದುರೆಗೆ, ರೊಟ್ಟಿಯ ಹಿಟ್ಟಿಗೆ ಒಂದೇ ಸಮಭಾವದಿಂದ ನುಗ್ಗುತ್ತಿತ್ತು. ಅಂಥ ದಿನ ಎರಡೂ ಕಡೆಯ ಸೈನ್ಯಗಳು ಮುಖ ಮುಚ್ಚಿಕೊಂಡು ಸುಮ್ಮನೆ ಬಿದ್ದಿರುತ್ತಿದ್ದವು.

ಗುಂಡಿಗಿಂತ ಹೆಚ್ಚಾಗಿ ಸಿಪಾಯಿಯನ್ನು ಸೋಲಿಸಿದ್ದು ನೊಣ. ಇದು ಹಾಸ್ಯದ ಮಾತಲ್ಲ. ಹೆಣ, ಹೊಲಸು, ಎಂಜಲು ಇರುವಲ್ಲೆಲ್ಲ ಮುಸುರಿದ ನೊಣಗಳು ಅನ್ನದ ಜತೆಗೆ ಬಾಯಿಗೆ ಬರುತ್ತಿದ್ದವು. ರಕ್ತಭೇದಿಯೂ ಕಾಮಾಲೆಯೂ ಎರಡೂ ಪಾಳೆಯಗಳನ್ನು ಹಿಂಡಿದವು. ಕೈಗೆ ತರಚಿದ ಸಣ್ಣ ಗಾಯ ವಾರಗಟ್ಟಲೆ ಮಾಯದೆ ಹುಣ್ಣಾಗಿ ಹರಡುತ್ತಿತ್ತು. ಒಣಗಲೆಂದು ತೆರೆದಿಟ್ಟರೆ ನೊಣ. ಪಟ್ಟಿ ಕಟ್ಟಿದರೆ ಪಟ್ಟಿಯೊಳಗೆ ಮರಳು.

ಈ ಸಂಸಾರದಲ್ಲಿ ಭಾರತದಿಂದ ಹೋದವರ ಪಾಲು ಸಣ್ಣದಲ್ಲ. 1940ರ ಡಿಸೆಂಬರ್ 9ರ ಬೆಳಗ್ಗೆ ನಿಬೇವದ ಇಟಾಲಿಯನ್ ಶಿಬಿರದ ಮೇಲೆ ಟ್ಯಾಂಕುಗಳ ಹಿಂದೆ ನುಗ್ಗಿದವರು ನಾಲ್ಕನೆಯ ಇಂಡಿಯನ್ ಡಿವಿಜನ್ನಿನವರು. ಮುಂದೆ ಐದನೆಯ, ಹತ್ತನೆಯ ಡಿವಿಜನ್ನುಗಳೂ ಬಂದವು. ಬೆಂಗಳೂರನ್ನೇ ಮನೆಯಾಗಿ ಮಾಡಿಕೊಂಡಿರುವ ಮದರಾಸು ಸ್ಯಾಪರ್ಸ್ ದಳದ ತುಕಡಿಗಳೂ ನಾಲ್ಕನೆಯ ಡಿವಿಜನ್ನಿನ ಜತೆಗಿದ್ದವು. ಈ ದಳದವರನ್ನು ಸೈನ್ಯದಲ್ಲಿ ಎಲ್ಲರೂ ‘ತಂಬಿ’ ಎಂದೇ ಕರೆಯುವುದು. ತಮಿಳು, ತೆಲುಗು, ಕನ್ನಡ, ಮಲೆಯಾಳಗಳನ್ನಾಡುವ ತಂಬಿಗಳ ಕೆಲಸ ರಸ್ತೆ ಹಾಕುವುದು, ಬಾವಿ ತೋಡುವುದು, ಮುರಿದದ್ದನ್ನು ಕಟ್ಟುವುದು, ಕಟ್ಟಿದ್ದನ್ನು ಸಿಡಿಸುವುದು, ಶತ್ರು ಹೂತ ಮೈನುಗಳನ್ನು ಕೀಳುವುದು. ಮೈಸೂರಿನವರಿಗೆ ಆ ಸೀಮೆ ಹೊಸದೂ ಅಲ್ಲ: ಮೊದಲನೆಯ ಮಹಾಯುದ್ಧದಲ್ಲಿ ಮೈಸೂರು ಲ್ಯಾನ್ಸರ್ಸ್ ಕುದುರೆಗಳು ಸೂಯೆಜ್ ಕಾಲುವೆಯ ದಂಡೆಯ ಮರಳನ್ನು ತುಳಿದು, 1918ರ ಸೆಪ್ಟೆಂಬರ್ 23ರಂದು ಹೈಫಾ ನಗರದ ಮೇಲೆ ಏರಿಹೋಗಿದ್ದವು.

ಬ್ರಿಟಿಷ್ ಸಿಪಾಯಿಗೆ ಡಬ್ಬದ ದನದ ಮಾಂಸವೂ ಹಲ್ಲಿಗೆ ಸವಾಲಾದ ಗಟ್ಟಿ ಬಿಸ್ಕತ್ತೂ ಆಹಾರ. ಹಗಲಿನ ಬಿಸಿಲಿಗೆ ಮಾಂಸ ಕರಗಿ ಡಬ್ಬದಿಂದ ಸುರಿಯುತ್ತಿತ್ತೆಂದು ಅವರು ಗೊಣಗುತ್ತಿದ್ದರು. ಭಾರತದವರಿಗೆ ಅದು ನಡೆಯದು. ಹಿಂದುವಿಗೆ ದನದ ಮಾಂಸ ಕೂಡದು. ಮುಸಲ್ಮಾನನಿಗೆ ಹಲಾಲ್ ಆಗಿರಬೇಕು. ಉತ್ತರದವನಿಗೆ ಗೋದಿಹಿಟ್ಟು ಬೇಕು. ದಕ್ಷಿಣದವನಿಗೆ ಅಕ್ಕಿ ಬೇಕು. ಎಲ್ಲರಿಗೂ ಬೇಳೆ, ತುಪ್ಪ, ಬೆಲ್ಲ. ಸರಬರಾಯಿ ಇಲಾಖೆಯವರು ಇದನ್ನೆಲ್ಲ ಸಮುದ್ರ ದಾಟಿಸಿ ತಂದರು. ಆದರೆ ಚಪಾತಿಗೆ ಹಿಟ್ಟು ಕಲಸಲು ನೀರು ಬೇಕು, ಅನ್ನಕ್ಕೆ ಇನ್ನೂ ಹೆಚ್ಚು ನೀರು ಬೇಕು. ಬೆಂಕಿಯ ಹೊಗೆ ಕಂಡರೆ ವಿಮಾನ ಬರುತ್ತದೆ. ಆದ್ದರಿಂದ ಎಷ್ಟೋ ದಿನ ಕತ್ತಲೆಯಲ್ಲಿ ಸುಟ್ಟ ರೊಟ್ಟಿಯನ್ನು ಮರುದಿನ ಮಧ್ಯಾಹ್ನ ಮರಳಿನ ಸಮೇತ ಅಗಿಯಬೇಕಾಗುತ್ತಿತ್ತು. ಸಂಬಳವಂತೂ ಪಕ್ಕದಲ್ಲಿ ಕಾದುತ್ತಿದ್ದ ಗೋರಾ ಸಿಪಾಯಿಯ ಸಂಬಳಕ್ಕಿಂತ ಬಹಳ ಕಡಿಮೆ. ಗುಂಡು ಮಾತ್ರ ಇಬ್ಬರಿಗೂ ಒಂದೇ ಅಳತೆಯದು.

ಆ ನೆಲದಲ್ಲಿ ಮೇಲೆ ಮಾತ್ರ ಮರಳು. ಹಲವು ಕಡೆ ಗೇಣುದ್ದ ಅಗೆದರೆ ಬಂಡೆ. ಗುಂಡಿ ತೋಡಲಾಗದ ಕಡೆ ಕಲ್ಲನ್ನು ಸುತ್ತ ಪೇರಿಸಿ ಮೊಳಕಾಲೆತ್ತರದ ಗೋಡೆ ಕಟ್ಟಿಕೊಂಡು ಅದರ ಹಿಂದೆ ಮಲಗುತ್ತಿದ್ದರು. ಇದಕ್ಕೆ ‘ಸಂಗರ್’ ಎಂದು ಹೆಸರು. ಭಾರತದ ವಾಯವ್ಯ ಗಡಿಯ ಪಠಾಣರ ಈ ಮಾತು ಬ್ರಿಟಿಷರ ನಾಲಗೆಗೂ ಹತ್ತಿ ಆಫ್ರಿಕದವರೆಗೆ ಹೋಯಿತು. ಫಿರಂಗಿಯ ಗುಂಡು ಬಂಡೆಗೆ ಬಡಿದಾಗ ಕಬ್ಬಿಣದ ಚೂರಿನ ಜತೆಗೆ ಕಲ್ಲಿನ ಚೂರೂ ಹಾರುತ್ತಿತ್ತೆಂಬುದನ್ನು ಬೇರೆಯಾಗಿ ಹೇಳಬೇಕಾಗಿಲ್ಲ.

ದಾರಿಯ ಕಷ್ಟ ಮತ್ತೊಂದು. ಮರವಿಲ್ಲ, ಮನೆಯಿಲ್ಲ, ಗುಡ್ಡವೆನ್ನುವಂಥದೂ ವಿರಳ. ಖಾಲಿ ಪೀಪಾಯಿಗಳನ್ನು ಅಲ್ಲಲ್ಲಿ ನೆಟ್ಟು ಅವಕ್ಕೆ ನಂಬರು ಬರೆಯುತ್ತಿದ್ದರು. ಹಗಲು ಸೂರ್ಯನ ನೆರಳಿನಿಂದ ದಿಕ್ಕು ಕಾಣುವ ದಿಕ್ಸೂಚಿ, ರಾತ್ರಿ ನಕ್ಷತ್ರ. ಊಟಕ್ಕೆಂದು ಹೊರಟ ಲಾರಿ ಶತ್ರುವಿನ ಅಡಿಗೆಮನೆಗೆ ಹೋಗಿ ನಿಂತ ಪ್ರಸಂಗಗಳು ಎರಡು ಕಡೆಯೂ ನಡೆದಿವೆ. ಸೂರ್ಯನೂ ಪಕ್ಷ ವಹಿಸುತ್ತಿದ್ದ: ಬೆಳಗ್ಗೆ ಪೂರ್ವಕ್ಕೆ ಮುಖಮಾಡಿದ ಜರ್ಮನನ ಕಣ್ಣು ಕುಕ್ಕಿದರೆ, ಸಂಜೆ ಪಶ್ಚಿಮಕ್ಕೆ ಮುಖಮಾಡಿದ ಬ್ರಿಟಿಷ್ ಪಾಳೆಯದವರ ಕಣ್ಣು ಕುಕ್ಕುತ್ತಿದ್ದ. ನಡುಹಗಲಿನ ಬಿಸಿಲ್ಗುದುರೆಯಲ್ಲಿ ಒಂಟೆ ಯಾವುದು, ಟ್ಯಾಂಕು ಯಾವುದು ಎಂದು ಇಬ್ಬರಿಗೂ ತಿಳಿಯುತ್ತಿರಲಿಲ್ಲ.

1942ರ ಬೇಸಗೆ ಭಾರತದ ಸಿಪಾಯಿಗೆ ಅತ್ಯಂತ ಕಠಿನವಾದ ಕಾಲ. ಮೇ 27ರಂದು ಬೀರ್ ಹಕೇಮಿನ ಬಳಿ ಮೂರನೆಯ ಇಂಡಿಯನ್ ಮೋಟಾರ್ ಬ್ರಿಗೇಡಿನ ಮೇಲೆ ಶತ್ರುವಿನ ಟ್ಯಾಂಕುಗಳು ಹರಿದುಹೋದವು. ಜೂನ್ 21ರಂದು ಟೋಬ್ರೂಕ್ ಬಿದ್ದಾಗ ಸುಮಾರು 33,000 ಮಂದಿ ಸೆರೆಯಾದರು. ಹನ್ನೊಂದನೆಯ ಇಂಡಿಯನ್ ಬ್ರಿಗೇಡ್ ಅವರಲ್ಲಿ ಸೇರಿತ್ತು. ರೋಮೆಲ್ ಅಲೆಕ್ಸಾಂಡ್ರಿಯದತ್ತ ಧಾವಿಸಿದ. ಅಡ್ಡಗಟ್ಟಲು ಉಳಿದ ಸ್ಥಳವೆಂದರೆ ಎಲ್ ಅಲಮೇನ್: ಉತ್ತರಕ್ಕೆ ಸಮುದ್ರ, ದಕ್ಷಿಣಕ್ಕೆ ಸುಮಾರು ನಲವತ್ತು ಮೈಲಿ ದೂರದಲ್ಲಿ ಟ್ಯಾಂಕು ಇಳಿಯಲಾರದ ಕತ್ತಾರಾ ತಗ್ಗು.

ಈ ನಡುವಿನ ಬಯಲಿನಲ್ಲಿ ದೇರ್ ಎಲ್ ಶೈನ್ ಎಂಬ ಸಣ್ಣ ತಗ್ಗಿದೆ. ಹದಿನೆಂಟನೆಯ ಇಂಡಿಯನ್ ಬ್ರಿಗೇಡನ್ನು ಇರಾಕಿನಿಂದ ಅವಸರವಸರವಾಗಿ ತಂದು ಅಲ್ಲಿ ನಿಲ್ಲಿಸಲಾಯಿತು. ಎಸೆಕ್ಸಿನ ಇಂಗ್ಲಿಷರು, ಸಿಖ್ಖರು, ಗೂರ್ಖರು. ಮರುಭೂಮಿಯ ಯುದ್ಧ ಅವರಿಗೆ ಹೊಸದು. ನೆಲ ಬಂಡೆ. ಅಗೆಯುವ ಸಲಕರಣೆ ಸಾಲದು. ಮುಳ್ಳುತಂತಿಯೂ ಮೈನುಗಳೂ ಕೊನೆಯ ಗಳಿಗೆಯವರೆಗೆ ಬರುತ್ತಲೇ ಇದ್ದವು. ಜುಲೈ 1ರಂದು ಜರ್ಮನ್ ಪಡೆ ಬಂದು ಬಡಿಯಿತು. ದೂಳಿನ ನಡುವೆ ಬೆಳಗಿನಿಂದ ಸಂಜೆಯವರೆಗೆ ಆ ಹೊಸಬರು ನಿಂತರು. ಕತ್ತಲಾಗುವ ವೇಳೆಗೆ ಬ್ರಿಗೇಡ್ ಎಂಬುದು ಉಳಿದಿರಲಿಲ್ಲ. ಸತ್ತವರು ಸತ್ತರು, ಬಹುಮಂದಿ ಸೆರೆಯಾದರು. ಆದರೆ ರೋಮೆಲ್ಲನ 55 ಟ್ಯಾಂಕುಗಳಲ್ಲಿ 18 ಅಲ್ಲಿ ನಷ್ಟವಾದವು. ಅವನಿಗೆ ಒಂದಿಡೀ ದಿನ ಹೋಯಿತು. ಆ ಒಂದು ದಿನದಲ್ಲಿ ಹಿಂದಿನ ಸಾಲುಗಳು ಉಸಿರು ಹಿಡಿದುಕೊಂಡವು. ಅಲಮೇನಿನ ಹೆಸರನ್ನು ಅಕ್ಟೋಬರಿನ ಗೆಲುವಿಗೆ ಮಾತ್ರ ಕಟ್ಟಿಬಿಟ್ಟಿರುವ ಪುಸ್ತಕಗಳಲ್ಲಿ ಈ ದಿನಕ್ಕೆ ನಾಲ್ಕು ಸಾಲು ಸಿಕ್ಕಿದರೆ ಹೆಚ್ಚು.

ಮುಂದಿನ ತಿಂಗಳು, ಆಗಸ್ಟ್ 8ರಂದು, ಮುಂಬಯಿಯಲ್ಲಿ ‘ಭಾರತ ಬಿಟ್ಟು ತೊಲಗಿ’ ಎಂಬ ನಿರ್ಣಯವಾಯಿತು. ಶಿವಮೊಗ್ಗ ಜಿಲ್ಲೆಯ ಈಸೂರು ತಾನು ಸ್ವತಂತ್ರವೆಂದು ಸಾರಿಕೊಂಡದ್ದೂ ಅದೇ ವರ್ಷ. ರುವೈಸಾತ್ ದಿಬ್ಬದ ಸಂಗರಿನಲ್ಲಿ ಮಲಗಿದ್ದ ಸಿಪಾಯಿಗೆ ಈ ಸುದ್ದಿ ಎಷ್ಟು ಮುಟ್ಟಿತೋ, ಯಾವ ರೂಪದಲ್ಲಿ ಮುಟ್ಟಿತೋ. ಪತ್ರಗಳನ್ನು ಸೆನ್ಸಾರಿನವರು ಓದಿಯೇ ಬಿಡುತ್ತಿದ್ದರು. ಅಕ್ಷರ ಬಾರದವನು ಜತೆಯವನಿಂದ ಬರೆಯಿಸಬೇಕು. ಊರಿನಲ್ಲಿ ಹೆಂಡತಿ ಶ್ಯಾನುಭೋಗರಿಂದಲೋ ಮೇಷ್ಟರಿಂದಲೋ ಓದಿಸಬೇಕು. ಬರೆದವನು, ಸೆನ್ಸಾರಿನವನು, ಓದಿದವನು ಇಷ್ಟು ಮಂದಿಯ ಕಿವಿಯ ಮೇಲೆ ಬಿದ್ದು ಹೋಗುವ ಪತ್ರದಲ್ಲಿ ಮನಸ್ಸಿನ ಮಾತು ಎಷ್ಟು ಉಳಿದೀತು? ‘ಇಲ್ಲಿ ಕ್ಷೇಮ, ಅಲ್ಲಿಯ ಕ್ಷೇಮಕ್ಕೆ ಬರೆಯಿಸುವುದು, ಎಮ್ಮೆ ಕರು ಹಾಕಿತೇ’ ಎಂಬಲ್ಲಿಗೆ ಮುಗಿಯುತ್ತಿತ್ತು.

ಅವನು ಬಲವಂತಕ್ಕೆ ಹೋದವನಲ್ಲ. ಎರಡನೆಯ ಮಹಾಯುದ್ಧದ ಕೊನೆಗೆ ಸುಮಾರು 25 ಲಕ್ಷಕ್ಕೆ ಬೆಳೆದ ಭಾರತದ ಸೈನ್ಯದಲ್ಲಿ ಕಡ್ಡಾಯ ಭರ್ತಿಯೆಂಬುದಿರಲಿಲ್ಲ. ಕಂದಾಯ ಕಟ್ಟಲಾಗದ ಹೊಲ, ಮದುವೆಗೆ ಬಂದ ತಂಗಿ, ದಂಡಿನಲ್ಲಿದ್ದ ಅಪ್ಪನ ಹೆಸರು, ಹೊಟ್ಟೆ: ಇಂಥ ಕಾರಣಗಳು ಅವನನ್ನು ಕಳಿಸಿದವು. ಅವನನ್ನು ಬಾಡಿಗೆಯ ಬಂಟನೆಂದು ಬೈಯುವುದೂ ಸುಲಭ, ಸಾಮ್ರಾಜ್ಯದ ನಿಷ್ಠಾವಂತನೆಂದು ಹೊಗಳುವುದೂ ಸುಲಭ. ಎರಡನ್ನೂ ಮಾಡಿದವರು ಸಂಗರಿನಲ್ಲಿ ಮಲಗಿದವರಲ್ಲ.

ಸೆರೆಯಾದವನ ಮುಂದೆ ಈ ಪ್ರಶ್ನೆ ಬಾಯಿಬಿಟ್ಟೇ ನಿಂತಿತು. ಮರುಭೂಮಿಯಲ್ಲಿ ಸಿಕ್ಕ ಭಾರತೀಯ ಸೆರೆಯಾಳುಗಳಲ್ಲಿ ಹಲವರನ್ನು ಜರ್ಮನಿಯ ಆನಬುರ್ಗ್ ಶಿಬಿರಕ್ಕೆ ಸಾಗಿಸಿದರು. ಸುಭಾಷ್‌ಚಂದ್ರ ಬೋಸರು ಅಲ್ಲಿ ಸ್ವಾತಂತ್ರ್ಯಕ್ಕಾಗಿ ಒಂದು ದಳ ಕಟ್ಟುತ್ತಿದ್ದರು. ತಿಂದ ಉಪ್ಪು ಒಂದು ಕಡೆ, ಹುಟ್ಟಿದ ನೆಲ ಒಂದು ಕಡೆ. ಕೆಲವು ಸಾವಿರ ಮಂದಿ ಸೇರಿದರು. ಎಷ್ಟೋ ಮಂದಿ ಒಲ್ಲೆವೆಂದು ಮುಳ್ಳುತಂತಿಯೊಳಗೇ ಉಳಿದರು. ಒಂದೇ ಊರಿನ, ಒಂದೇ ಪಲ್ಟನ್ನಿನ, ಒಂದೇ ಲೋಟದಲ್ಲಿ ನೀರು ಹಂಚಿಕೊಂಡ ಇಬ್ಬರು ಅಲ್ಲಿ ಬೇರೆ ಬೇರೆ ಸಾಲಿನಲ್ಲಿ ನಿಂತಿರಬಹುದು. ಯುದ್ಧದ ಅದೃಷ್ಟದ ಇನ್ನೊಂದು ಮಗ್ಗುಲೆಂದರೆ, ಅದೇ ಮರಳಿನಲ್ಲಿ ಸೆರೆಸಿಕ್ಕ ಸಾವಿರಾರು ಇಟಾಲಿಯನ್ನರು ಬೆಂಗಳೂರಿನ ಸುತ್ತಣ ಶಿಬಿರಗಳಿಗೆ ಬಂದು, ಹೊಟ್ಟೆ ತುಂಬ ನೀರು ಕುಡಿದು, ಯುದ್ಧ ಮುಗಿಯುವುದನ್ನು ಕಾದರು.

ಅಕ್ಟೋಬರ್ 23ರ ರಾತ್ರಿ ಒಂಬತ್ತು ಗಂಟೆ ನಲವತ್ತು ನಿಮಿಷಕ್ಕೆ ಅಲಮೇನಿನಲ್ಲಿ ಸುಮಾರು ಒಂಬೈನೂರು ತೋಪುಗಳು ಒಮ್ಮೆಗೇ ಬಾಯಿಬಿಟ್ಟವು. ಎದುರಿಗೆ ರೋಮೆಲ್ಲನ ಸೇನೆ ಹೂತಿದ್ದ ನಾಲ್ಕು ಲಕ್ಷಕ್ಕೂ ಮಿಕ್ಕ ಮೈನುಗಳು. ಜರ್ಮನರೇ ಅದಕ್ಕಿಟ್ಟ ಹೆಸರು ಸೈತಾನನ ತೋಟ. ಟ್ಯಾಂಕನ್ನು ಸಿಡಿಸುವ ಮೈನು ಮನುಷ್ಯನ ಭಾರಕ್ಕೆ ಸಾಮಾನ್ಯವಾಗಿ ಸಿಡಿಯದು. ಅದಕ್ಕೇ ಇರಬೇಕು, ಕಾಲಾಳುಗಳು ಮೊದಲು ನಡೆಯಬೇಕಾಗಿದ್ದ ಆ ಯೋಜನೆಗೆ ‘ಹಗುರ ಹೆಜ್ಜೆ’ ಎಂಬರ್ಥದ ಹೆಸರಿಟ್ಟರು. ಹೆಸರಿಟ್ಟವರ ವಿನೋದಪ್ರಜ್ಞೆಯನ್ನು ಕಾಲಾಳುಗಳು ಎಷ್ಟು ಮೆಚ್ಚಿದರೋ! ಮನುಷ್ಯನಿಗೆಂದೇ ಮಾಡಿದ ಮೈನು ಬೇರೆಯಿತ್ತು. ಅದರ ಮೂರು ಕೊಂಬುಗಳನ್ನು ತುಳಿದರೆ ನೆಲದಿಂದ ಸೊಂಟದೆತ್ತರಕ್ಕೆ ನೆಗೆದು ಸಿಡಿದು ಉಕ್ಕಿನ ಗುಂಡುಗಳನ್ನು ಸುತ್ತಲೂ ಎರಚುತ್ತಿತ್ತು.

ಸ್ಯಾಪರನ ಕೆಲಸ ಇಲ್ಲಿ. ಪೋಲೆಂಡಿನ ಎಂಜಿನಿಯರ್ ಕೊಸಾತ್ಸ್ಕಿ ಕಂಡುಹಿಡಿದ, ಲೋಹ ಸಿಕ್ಕಾಗ ಕಿವಿಯಲ್ಲಿ ಗುಂಯ್‌ಗುಡುವ ಯಂತ್ರಗಳು ಸುಮಾರು ಐನೂರು ಬಂದಿದ್ದವು. ಅಷ್ಟು ದೊಡ್ಡ ತೋಟಕ್ಕೆ ಅವು ಸಾಲವು. ತೋಪಿನ ಆರ್ಭಟದಲ್ಲಿ ಕಿವಿಯೂ ಕೇಳದು. ಆದ್ದರಿಂದ ಬಹಳಷ್ಟು ಕೆಲಸ ಬಂದೂಕಿನ ಬಯೊನೆಟ್ಟಿನಿಂದಲೇ ಆಯಿತು. ಹೊಟ್ಟೆಯ ಮೇಲೆ ಮಲಗಿ ಓರೆಯಾಗಿ ಮರಳನ್ನು ಚುಚ್ಚುತ್ತ ಒಂದೊಂದೇ ಗೇಣು ಮುಂದೆ ಸರಿಯುವುದು. ಗಟ್ಟಿ ತಗುಲಿದರೆ ಬೆರಳಿನಿಂದ ಮರಳು ಸರಿಸಿ, ಕೆಳಗೆ ಇನ್ನೊಂದಕ್ಕೆ ತಂತಿ ಕಟ್ಟಿದ್ದಾರೆಯೇ ಎಂದು ತಡವಿ, ಉಸಿರು ಬಿಗಿಹಿಡಿದು ಮೇಲಕ್ಕೆತ್ತುವುದು. ತೆರವಾದ ದಾರಿಯ ಎರಡು ಅಂಚಿಗೂ ಬಿಳಿಯ ಪಟ್ಟಿ ಹಾಸುವುದು. ಹಿಂದಿನಿಂದ ಮುಂದಕ್ಕೆ ಬರುವ ದಾರಿಗಳಿಗೆ ಸೂರ್ಯ, ಚಂದ್ರ, ನಕ್ಷತ್ರ, ಸೀಸೆ, ದೋಣಿ, ಟೋಪಿ ಎಂದು ಹೆಸರು. ಡಬ್ಬದಲ್ಲಿ ಆ ಆಕಾರ ಕೊರೆದು ಒಳಗೆ ದೀಪವಿಟ್ಟಿದ್ದರು. ಓದುಬಾರದವನಿಗೂ ದಾರಿ ತಿಳಿಯಿತು. ಹನ್ನೆರಡು ದಿನಗಳ ಆ ಕಾಳಗದಲ್ಲಿ ಎಂಟನೆಯ ಸೇನೆಯ ಸುಮಾರು 13,500 ಮಂದಿ ಸತ್ತು, ಗಾಯಗೊಂಡು, ಕಾಣೆಯಾಗಿ ಹೋದರು.

ರೋಮೆಲ್ಲನ ಬರಹಗಳನ್ನು ಅವನ ಮರಣಾನಂತರ, 1950ರಲ್ಲಿ, ‘ದ್ವೇಷವಿಲ್ಲದ ಯುದ್ಧ’ ಎಂಬರ್ಥದ ಹೆಸರಿನಿಂದ ಪ್ರಕಟಿಸಿದರು. ಆ ಮಾತು ಬಹಳ ಜನರ ಬಾಯಲ್ಲಿ ನೆಲಸಿದೆ. ಅದರಲ್ಲಿ ಅಷ್ಟಿಷ್ಟು ನಿಜವಿಲ್ಲದೆಯೂ ಇಲ್ಲ. ರಾತ್ರಿ ಹತ್ತಕ್ಕೆ ಸ್ವಲ್ಪ ಮುಂಚೆ ಬೆಲ್‌ಗ್ರೇಡ್ ರೇಡಿಯೋದಿಂದ ಲಾಲೆ ಆಂಡರ್ಸನ್ ಹಾಡಿದ ‘ಲಿಲಿ ಮಾರ್ಲೀನ್’ ಬರುತ್ತಿದ್ದಾಗ ಎರಡು ಪಾಳೆಯಗಳೂ ಕಿವಿಗೊಡುತ್ತಿದ್ದವು. ಸುಡಲು ಊರುಗಳು ಕಡಿಮೆಯಿದ್ದವು, ಗಾಯಾಳುಗಳನ್ನು ಎರಡು ಕಡೆಯ ವೈದ್ಯರೂ ನೋಡಿದರು. ಆದರೆ ಕಾಲು ಕಳೆದುಕೊಂಡವನಿಗೆ ದ್ವೇಷವಿಲ್ಲದೆ ಹೂತ ಮೈನು ಬೇರೆ ರೀತಿಯಲ್ಲಿ ಸಿಡಿಯಲಿಲ್ಲ. ಆ ಮೈನುಗಳು ಪೂರ್ತಿ ತೀರಿಯೂ ಇಲ್ಲ. ಯುದ್ಧ ಮುಗಿದು ಎಂಟು ದಶಕಗಳಾದರೂ ಈಜಿಪ್ಟಿನ ಪಶ್ಚಿಮ ಮರುಭೂಮಿಯಲ್ಲಿ ಉಳಿದಿವೆ. ಆಡು ಒಂಟೆಗಳನ್ನು ಮೇಯಿಸುವ ಬೆಡೋಯಿನ್ ಜನ ಅವುಗಳಿಂದ ಸತ್ತಿದ್ದಾರೆ, ಅಂಗ ಕಳೆದುಕೊಂಡಿದ್ದಾರೆ.

1943ರ ಮೇ 12ರಂದು ಟ್ಯುನಿಸಿಯದಲ್ಲಿ ಜರ್ಮನ್ ಸೇನಾಪತಿ ಫಾನ್ ಆರ್ನಿಮ್ ಶರಣಾದದ್ದು ನಾಲ್ಕನೆಯ ಇಂಡಿಯನ್ ಡಿವಿಜನ್ನಿಗೆ. ಉಳಿದ ಸಿಪಾಯಿಗಳಲ್ಲಿ ಬಹಳ ಮಂದಿಗೆ ಮನೆಯ ದಾರಿ ಸಿಗಲಿಲ್ಲ; ಮುಂದಿನ ಹಡಗು ಇಟಲಿಗೆ ಹೊರಟಿತು. ಅಲಮೇನಿನ ರುದ್ರಭೂಮಿಯಲ್ಲಿ ಏಳು ಸಾವಿರಕ್ಕೂ ಹೆಚ್ಚು ಸಮಾಧಿಗಳಿವೆ. ಎಂಟು ನೂರಕ್ಕೂ ಮಿಕ್ಕ ಕಲ್ಲುಗಳ ಮೇಲೆ ಹೆಸರಿಲ್ಲ. ಆಗ್ನೇಯ ಮೂಲೆಯಲ್ಲಿ ಬೇರೆಯೇ ಒಂದು ಸ್ಮಾರಕವಿದೆ. ತಮ್ಮ ಧರ್ಮದಂತೆ ಅಗ್ನಿಗೆ ಒಪ್ಪಿಸಲ್ಪಟ್ಟ ಆರು ನೂರಕ್ಕೂ ಹೆಚ್ಚು ಮಂದಿಯ ಹೆಸರುಗಳು ಅಲ್ಲಿವೆ.